ಮುಚ್ಚಿದ ಬಾಗಿಲಿನ ಒಳಗೆ ಅಶಕ್ತರ ಪಾಡು

೨೦೨೦ನೆಯ ಇಸವಿ ಮಾರ್ಚಿ ೨೪ರ ರಾತ್ರಿ ಪ್ರಧಾನಮಂತ್ರಿಗಳು ದೇಶವನ್ನುದ್ದೇಶಿಸಿ ಮಾತನಾಡಿ, ಅಂದಿನ ಮಧ್ಯರಾತ್ರಿಯಿಂದ ಮೊದಲುಗೊಂಡು ೨೧ ದಿವಸ ಯಾರೂ ಮನೆಯ ಹೊಸ್ತಿಲನ್ನು ದಾಟಕೂಡದೆಂದು ಸಾರಿದುದು ವಾಚಕರ ನೆನಪಿನಿಂದ ಇನ್ನೂ ಮಾಸಿರಲಾರದು. ಕೋವಿಡ್ ಎಂಬ ಹೊಸ ವ್ಯಾಧಿಯು ದೇಶವನ್ನು ಹೊಕ್ಕುದು ತಿಳಿದುಬಂದು ಆಗ ಎರಡು ತಿಂಗಳೂ ತುಂಬಿರಲಿಲ್ಲ. ಭಾರತದಲ್ಲಿ ಈ ರೋಗಕ್ಕೆ ಬಲಿಯಾದವರೆಂದು ಮೊಟ್ಟಮೊದಲು ದಾಖಲಾದವರು ನಮ್ಮ ಕಲಬುರಗಿಯ ಒಬ್ಬ ವೃದ್ಧರು. ರೋಗವು ವಯಸ್ಸಾದವರನ್ನೂ ಮೊದಲೇ ಕಾಯಿಲೆಯಿಂದ ನರಳುತ್ತಿದ್ದವರನ್ನೂ ಹೆಚ್ಚಾಗಿ ಕೊಲ್ಲುವುದೆಂಬ ಸಂಗತಿಯು ಹೊರದೇಶಗಳ ಅನುಭವದಿಂದ ಆ ವೇಳೆಗಾಗಲೇ ಗೊತ್ತಾಗಿತ್ತು. ಆದುದರಿಂದ ವೃದ್ಧರನ್ನು ಮನೆಯೊಳಗೆ ಇರಿಸಬೇಕೆಂದು ಸರಕಾರವು ಬಗೆದುದು ಸಹಜವೇ. ಮುಂದೆ ನಿರ್ಬಂಧಗಳು ಒಂದೊಂದಾಗಿ ಸಡಿಲಾದ ಮೇಲೂ, ೬೫ ವರ್ಷ ಮೀರಿದವರು ಅತ್ಯವಶ್ಯವಾದ ಕಾರಣವಿಲ್ಲದೆ ಹೊರಗೆ ಬರಬಾರದೆಂಬ ಸೂಚನೆಯು ಬಹುಕಾಲ ಉಳಿಯಿತು.

ಆ ಆಜ್ಞೆಯ ಯುಕ್ತಾಯುಕ್ತತೆಯನ್ನು ನಾವು ಇಂದು ವಿಚಾರಿಸಹೊರಟಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ನೆಯ ಮೇ ೫ರಂದು ಆ ಪಿಡುಗಿನ ತುರ್ತು ಪರಿಸ್ಥಿತಿಯು ಕೊನೆಗೊಂಡಿತೆಂದು ಸಾರಿತು; ಸತ್ತವರ ಲೆಕ್ಕ, ಆಸ್ಪತ್ರೆಗಳ ಲೆಕ್ಕ, ವ್ಯಾಪಾರದ ನಷ್ಟದ ಲೆಕ್ಕ ಇವೆಲ್ಲ ಸಾಕಷ್ಟು ಚರ್ಚೆಗೆ ಬಂದಿವೆ. ಚರ್ಚೆಗೆ ಬಾರದ ಒಂದು ಲೆಕ್ಕವಿದೆ. ಬಾಗಿಲು ಮುಚ್ಚಿಕೊಂಡ ಮನೆಗಳೊಳಗೆ, ಇನ್ನೊಬ್ಬರ ಕೈಯ ಆಸರೆಯಿಲ್ಲದೆ ಹಾಸಿಗೆಯಿಂದ ಏಳಲಾರದವರು, ಇನ್ನೊಬ್ಬರು ಬಡಿಸದೆ ಉಣ್ಣಲಾರದವರು ಎಷ್ಟೋ ಜನರಿದ್ದರು. ರೋಗದಿಂದ ಅವರನ್ನು ಕಾಯುವುದಕ್ಕಾಗಿ ಮುಚ್ಚಿದ ಬಾಗಿಲು, ಅವರಿಗೆ ಉಪೇಕ್ಷೆಯೋ ಹಿಂಸೆಯೋ ಒದಗಿದರೆ ಅದನ್ನು ನೋಡಬಲ್ಲವರನ್ನೂ ತಡೆಯಬಲ್ಲವರನ್ನೂ ಹೊರಗೇ ನಿಲ್ಲಿಸಿತು. ಮುಂದಿನ ಪಿಡುಗು ಬರುವುದಕ್ಕೆ ಮೊದಲೇ ಈ ಲೋಪವನ್ನು ಕಾಯಿದೆಯಿಂದಲೂ ಆಡಳಿತದ ಏರ್ಪಾಟಿನಿಂದಲೂ ಸರಿಪಡಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಇವರ ಸಂಖ್ಯೆಯನ್ನು ನೋಡೋಣ. ೨೦೧೧ರ ಜನಗಣತಿಯಂತೆ ನಮ್ಮ ದೇಶದಲ್ಲಿ ೬೦ ವರ್ಷ ದಾಟಿದವರು ಸುಮಾರು ೧೦ ಕೋಟಿ ೩೮ ಲಕ್ಷ. ಅಂಗವಿಕಲರು ೨ ಕೋಟಿ ೬೮ ಲಕ್ಷ. ಇವರೆಲ್ಲರೂ ಅಸಹಾಯರೆಂದು ನಾವು ಹೇಳುವುದಿಲ್ಲ. ಎಷ್ಟೋ ಮನೆಗಳು ವೃದ್ಧರ ದುಡಿಮೆಯಿಂದಲೇ ನಡೆಯುತ್ತಿವೆ. ಅಂಗವೈಕಲ್ಯವುಳ್ಳ ಎಷ್ಟೋ ಮಂದಿ ತಮ್ಮ ಕಾಲಮೇಲೆ ತಾವು ನಿಂತವರು. ಆದರೆ ಪಾರ್ಶ್ವವಾಯು ಹೊಡೆದವರು, ಮರೆವಿನ ರೋಗದವರು, ಬುದ್ಧಿಮಾಂದ್ಯವುಳ್ಳವರು, ಮನೋರೋಗಿಗಳು, ದೃಷ್ಟಿ ಹೋದ ಮುದುಕಿಯರು, ಇಂಥವರು ದಿನದ ಪ್ರತಿಯೊಂದು ಅಗತ್ಯಕ್ಕೂ ಮತ್ತೊಬ್ಬರನ್ನು ನಂಬಿರುವವರಾಗಿದ್ದಾರೆ. ಅವರಿಗೆ ಆಗುವ ಅನ್ಯಾಯವು ಹೊಡೆತ ಬಡಿತಗಳ ರೂಪದಲ್ಲಿಯೇ ಬರಬೇಕೆಂದಿಲ್ಲ. ಹೊತ್ತಿಗೆ ಔಷಧಿ ಕೊಡದಿರುವುದು, ಹಾಸಿಗೆಹುಣ್ಣನ್ನು ತೊಳೆಯದೆ ಬಿಡುವುದು, ಪದೇ ಪದೇ ಏಳಬೇಕಾದೀತೆಂದು ನೀರು ಕೊಡುವುದನ್ನೇ ಕಡಿಮೆ ಮಾಡುವುದು, ಕೋಣೆಯಲ್ಲಿ ಕೂಡಿ ಅಗುಳಿ ಹಾಕುವುದು, ಪಿಂಚಣಿಯ ಹಣವನ್ನು ಹೆಬ್ಬೆಟ್ಟು ಒತ್ತಿಸಿ ಎತ್ತಿಕೊಳ್ಳುವುದು, ಮನೆಯ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದು: ಇವೆಲ್ಲವೂ ಸದ್ದಿಲ್ಲದೆ ನಡೆಯುವ ಅಪರಾಧಗಳು.

ಸಾಧಾರಣ ಕಾಲದಲ್ಲಿ ಇಂಥ ಅಪರಾಧಗಳನ್ನು ಬಯಲಿಗೆ ತರುವವರು ಯಾರು? ಪೋಲೀಸರೂ ಅಲ್ಲ, ನ್ಯಾಯಾಧೀಶರೂ ಅಲ್ಲ. ಬೆಳಗ್ಗೆ ಹಾಲು ಹಾಕುವವನು, ಮನೆಗೆಲಸದಾಕೆ, ಪಕ್ಕದ ಮನೆಯ ಗೃಹಿಣಿ, ತಿಂಗಳಿಗೊಮ್ಮೆ ಬರುವ ಅಂಚೆಯವನು, ಹಬ್ಬಕ್ಕೆ ಬಂದ ಮಗಳು, ದೇವಸ್ಥಾನದ ಕಟ್ಟೆಯ ಮೇಲೆ ಜೊತೆಯಾಗಿ ಕೂರುವ ಸಮವಯಸ್ಕರು. 'ಯಜಮಾನರು ನಾಲ್ಕು ದಿವಸದಿಂದ ಕಾಣಲಿಲ್ಲವಲ್ಲ' ಎಂದು ಕೇಳುವ ಒಂದು ಬಾಯಿ ಇರುವವರೆಗೆ ಉಪೇಕ್ಷೆಗೆ ಒಂದು ಮಿತಿ ಇರುತ್ತದೆ. ಮಾರ್ಚಿ ೨೫ರಿಂದ ಆ ಬಾಯಿಗಳೆಲ್ಲ ಒಮ್ಮೆಗೇ ದೂರವಾದವು. ಹಾಗೆ ದೂರ ಮಾಡಿದ ಸರಕಾರವು ಅವುಗಳ ಸ್ಥಾನದಲ್ಲಿ ಬೇರೊಂದು ಏರ್ಪಾಟನ್ನು ಅದೇ ದಿನ ನಿಲ್ಲಿಸಬೇಕಾಗಿತ್ತು.

ಅದು ಹಾಗೆ ನಿಲ್ಲಿಸಲಿಲ್ಲವೆಂಬುದಕ್ಕೆ ಸರಕಾರದ ಕಾಗದಪತ್ರಗಳೇ ಸಾಕ್ಷಿ. ಹಾಸಿಗೆ ಹಿಡಿದ ಹಿರಿಯರನ್ನು ಅವರವರ ಮನೆಗಳಲ್ಲಿ ನೋಡಿಕೊಳ್ಳುವ ಆಯಾಗಳೂ ಶುಶ್ರೂಷಕರೂ ದಿಗ್ಬಂಧನದ ಕಾಲದಲ್ಲಿಯೂ ಓಡಾಡಬಹುದೆಂದು ಕೇಂದ್ರದ ಗೃಹ ಇಲಾಖೆಯು ಸ್ಪಷ್ಟವಾಗಿ ಹೇಳಿದುದು ೨೦೨೦ರ ಏಪ್ರಿಲ್ ೨೧ರಂದು. ದಿಗ್ಬಂಧನವು ಆರಂಭವಾದ ಮೇಲೆ ೨೭ ದಿನಗಳು ಕಳೆದಿದ್ದವು. ಅಂಗವಿಕಲರ ಇಲಾಖೆಯು ಮಾರ್ಚಿ ೨೬ರಂದೇ ಅವರ ಆರೈಕೆಗಾರರಿಗೆ ಅಡ್ಡಿ ಮಾಡಬಾರದೆಂದು ಸೂಚಿಸಿದ್ದುದು ಶ್ಲಾಘ್ಯವೇ. ಆದರೆ ಒಂದು ಇಲಾಖೆಯ ಸೂಚನೆಯು ರಸ್ತೆಯ ಮೇಲೆ ಲಾಠಿ ಹಿಡಿದು ನಿಂತ ಪೇದೆಗೆ ತಲಪುವುದಕ್ಕೂ, ಗೃಹ ಇಲಾಖೆಯ ಆಜ್ಞೆಯು ತಲಪುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ವಾಚಕರಲ್ಲಿ ಅಧಿಕಾರಿಗಳಾಗಿರುವವರು ಚೆನ್ನಾಗಿ ಬಲ್ಲರು. ದಿನಕ್ಕೆರಡು ಬಾರಿ ಮಗ್ಗುಲು ತಿರುಗಿಸಬೇಕಾದ ರೋಗಿಗೆ ೨೭ ದಿನಗಳೆಂದರೆ ಏನೆಂಬುದನ್ನು ಅಂಥವರನ್ನು ಮನೆಯಲ್ಲಿಟ್ಟುಕೊಂಡಿರುವವರಿಗೆ ವಿವರಿಸಬೇಕಾಗಿಲ್ಲ.

ಈ ಲೋಪವು ಯಾವನೋ ಒಬ್ಬ ಗುಮಾಸ್ತನ ಮರೆವಿನಿಂದ ಆದುದಲ್ಲ. ಪಿಡುಗಿನ ಬಗೆಗಿನ ನಮ್ಮ ಕಾಯಿದೆಗಳ ಹುಟ್ಟಿನಲ್ಲಿಯೇ ಅದರ ಬೇರಿದೆ. ಸಾಂಕ್ರಾಮಿಕ ರೋಗಗಳ ಕಾಯಿದೆಯು ೧೮೯೭ರಲ್ಲಿ, ಮುಂಬಯಿಯಲ್ಲಿ ಪ್ಲೇಗು ಕಾಣಿಸಿಕೊಂಡ ಮೇಲೆ, ಬ್ರಿಟಿಷ್ ಸರಕಾರವು ಆತುರದಿಂದ ಮಾಡಿದುದು. ಅದರಲ್ಲಿದ್ದುವು ನಾಲ್ಕೇ ಕಲಮುಗಳು: ಹೆಸರು, ಸರಕಾರದ ಅಧಿಕಾರ, ಆಜ್ಞೆ ಮೀರಿದವರಿಗೆ ಶಿಕ್ಷೆ, ಆಜ್ಞೆ ನಡೆಯಿಸಿದ ಅಧಿಕಾರಿಗಳಿಗೆ ರಕ್ಷಣೆ. ಪ್ರಜೆಗೆ ಸಲ್ಲಬೇಕಾದ ಆರೈಕೆಯ ಮಾತು ಅದರಲ್ಲಿ ಇರಲಿಲ್ಲ. ಆ ಕಾಲದಲ್ಲಿ ಪುಣೆಯ ಮನೆಮನೆಗಳೊಳಗೆ ಸೈನಿಕರು ನುಗ್ಗಿ ಶೋಧನೆ ನಡೆಯಿಸಿದುದನ್ನೂ, ಅದನ್ನು ಖಂಡಿಸಿದ ಲೋಕಮಾನ್ಯ ತಿಲಕರು ಅದೇ ವರ್ಷ ರಾಜದ್ರೋಹದ ಆಪಾದನೆಯ ಮೇಲೆ ೧೮ ತಿಂಗಳ ಸೆರೆವಾಸಕ್ಕೆ ಗುರಿಯಾದುದನ್ನೂ ಈ ನಾಡು ಮರೆತಿಲ್ಲ. ಪರರಾಜ್ಯಕ್ಕೆ ಪ್ರಜೆಯು ರೋಗವನ್ನು ಹೊತ್ತು ತಿರುಗುವ ಒಂದು ಒಡಲಾಗಿ ಮಾತ್ರ ಕಂಡನು. ಅದು ಅದರ ಸ್ವಭಾವ.

ಆದರೆ ಸ್ವರಾಜ್ಯ ಬಂದು ೭೦ ವರ್ಷಗಳು ಮೀರಿದ ಮೇಲೂ ೨೦೨೦ರಲ್ಲಿ ಅದೇ ಕಾಯಿದೆಯನ್ನು ಧೂಳು ಕೊಡವಿ ಹೊರತೆಗೆಯಬೇಕಾಗಿ ಬಂದುದು ವಿಷಾದಕರ. ಆ ವರ್ಷ ಅದಕ್ಕೆ ತಂದ ತಿದ್ದುಪಡಿಯು ವೈದ್ಯರನ್ನೂ ದಾದಿಯರನ್ನೂ ಹಲ್ಲೆಯಿಂದ ರಕ್ಷಿಸುವುದಕ್ಕಾಗಿ ಆದುದು, ಅದು ಬೇಕಾದುದೇ. ಕರ್ನಾಟಕವೂ ಅದೇ ವರ್ಷ ತನ್ನದೇ ಒಂದು ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಮಾಡಿಕೊಂಡಿತು. ಅದರ ಮುಖ್ಯ ದೃಷ್ಟಿಯೂ ರೋಗ ನಿಯಂತ್ರಣ ಮತ್ತು ಸರಕಾರೀ ನೌಕರರ ರಕ್ಷಣೆಯ ಕಡೆಗೇ. ಇನ್ನು ದಿಗ್ಬಂಧನಕ್ಕೆ ಆಧಾರವಾದ ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯು, ಪರಿಹಾರದ ಕನಿಷ್ಠ ಮಟ್ಟವನ್ನು ಹೇಳುವ ತನ್ನ ೧೨ನೆಯ ಕಲಮಿನಲ್ಲಿ ವಿಧವೆಯರಿಗೂ ಅನಾಥರಿಗೂ ವಿಶೇಷ ಏರ್ಪಾಟು ಬೇಕೆನ್ನುತ್ತದೆ. ವೃದ್ಧರ ಹೆಸರೂ ಅಂಗವಿಕಲರ ಹೆಸರೂ ಅಲ್ಲಿ ಇಲ್ಲ. ಕಾಯಿದೆಯಲ್ಲಿ ಹೆಸರಿಲ್ಲದವರು ಆಜ್ಞೆಯಲ್ಲಿಯೂ ಮರೆತುಹೋಗುವುದು ಆಡಳಿತದ ರೂಢಿ.

'ವೃದ್ಧರಿಗಾಗಿ ೨೦೦೭ರ ಪ್ರತ್ಯೇಕ ಕಾಯಿದೆ ಇದೆಯಲ್ಲ' ಎಂದು ಕೆಲವರು ಕೇಳಬಹುದು. ಇದೆ, ಅದು ಒಳ್ಳೆಯ ಉದ್ದೇಶದಿಂದ ಆದ ಕಾಯಿದೆಯೂ ಹೌದು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿರುವ ಆ ಕಾಯಿದೆಯಂತೆ, ಮಕ್ಕಳು ನೋಡಿಕೊಳ್ಳದೆ ಹೋದರೆ ೬೦ ದಾಟಿದವರು ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ವಕೀಲರ ಖರ್ಚಿಲ್ಲ, ೯೦ ದಿನಗಳೊಳಗೆ ತೀರ್ಮಾನವಾಗಬೇಕು, ತಿಂಗಳಿಗೆ ೧೦,೦೦೦ ರೂಪಾಯಿಗಳನ್ನು ಮೀರದಂತೆ ಜೀವನಾಂಶ ವಿಧಿಸಬಹುದು, ಯಾರೂ ಅರ್ಜಿ ಕೊಡದಿದ್ದರೂ ಮಂಡಳಿಯು ತಾನಾಗಿಯೇ ವಿಚಾರಣೆಯನ್ನು ಕೈಗೊಳ್ಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ಬರೆಯಿಸಿಕೊಂಡವರು ಮಾತಿಗೆ ತಪ್ಪಿದರೆ, ೨೩ನೆಯ ಕಲಮಿನಂತೆ ಆ ಪತ್ರವನ್ನೇ ರದ್ದು ಮಾಡಿಸಬಹುದು.

ಈ ನ್ಯಾಯಮಂಡಳಿಯು ದಿಗ್ಬಂಧನದಲ್ಲಿ ಸಿಕ್ಕಿಬಿದ್ದ ಬಗೆಯನ್ನು ಗಮನಿಸಬೇಕು. ನಿರ್ಬಂಧಗಳನ್ನು ನಡೆಯಿಸುವುದಕ್ಕಾಗಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರನ್ನು ಆಯಾ ಸರಹದ್ದಿನ ದಂಡನಾಯಕರನ್ನಾಗಿ ನೇಮಿಸಬೇಕೆಂದು ಗೃಹ ಇಲಾಖೆಯು ಜಿಲ್ಲಾಧಿಕಾರಿಗಳಿಗೆ ಅಪ್ಪಣೆ ಮಾಡಿತು. ನಮ್ಮ ರಾಜ್ಯದಲ್ಲಿ ಹಿರಿಯರ ಅರ್ಜಿಯನ್ನು ಕೇಳುವ ಉಪವಿಭಾಗಾಧಿಕಾರಿಯೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರೇ. ಅವರ ತೀರ್ಪಿನ ಮೇಲೆ ಅಪೀಲು ಕೇಳುವವರು ಜಿಲ್ಲಾಧಿಕಾರಿಗಳು. ಹೀಗೆ, ಬಾಗಿಲು ಮುಚ್ಚಿಸುವ ಹೊಣೆಯೂ, ಮುಚ್ಚಿದ ಬಾಗಿಲಿನೊಳಗಿನ ಗೋಳನ್ನು ಕೇಳುವ ಹೊಣೆಯೂ ಒಂದೇ ಮೇಜಿನ ಮೇಲೆ ಬಿದ್ದವು. ರೋಗಿಗಳ ಪಟ್ಟಿ, ವಲಸೆ ಕೂಲಿಗಾರರ ರೈಲು, ದಿನಸಿಯ ಸರಬರಾಜು ಇವುಗಳ ನಡುವೆ ಯಾವ ದಕ್ಷ ಅಧಿಕಾರಿಯೇ ಆಗಲಿ ಮುದುಕಿಯೊಬ್ಬಳ ಅರ್ಜಿಯನ್ನು ಕೈಗೆತ್ತಿಕೊಳ್ಳುವುದು ಹೇಗೆ? ನಾವು ಅಧಿಕಾರಿಗಳನ್ನು ದೂರುವುದಿಲ್ಲ. ಅವರಲ್ಲಿ ಅನೇಕರು ಆ ದಿನಗಳಲ್ಲಿ ನಿದ್ದೆಗೆಟ್ಟು ದುಡಿದರು. ದೂರಬೇಕಾದುದು ಏರ್ಪಾಟನ್ನು. ಸರ್ವೋಚ್ಚ ನ್ಯಾಯಾಲಯವು ೨೦೨೦ರ ಮಾರ್ಚಿ ೨೩ರಂದು ದಾವೆ ಅರ್ಜಿಗಳ ಕಾಲಾವಧಿಯನ್ನು ವಿಸ್ತರಿಸಿ ಕಕ್ಷಿದಾರರಿಗೆ ಉಪಕಾರ ಮಾಡಿತು. ಆದರೆ ಹೊಟ್ಟೆಗೆ ಅನ್ನವಿಲ್ಲದವನಿಗೆ ಅರ್ಜಿ ಕೊಡುವ ಗಡುವು ಮುಂದಕ್ಕೆ ಹೋದರೆ ಬಂದ ಲಾಭವೇನು? ಅವನಿಗೆ ಬೇಕಾದುದು ಆ ದಿನವೇ ಬಾಗಿಲು ತಟ್ಟುವ ಒಬ್ಬ ಮನುಷ್ಯ.

ಪರಿಹಾರದ ಹಣದ ವಿಷಯದಲ್ಲಿಯೂ ಇದೇ ಕಥೆ. ಬಡ ವೃದ್ಧರಿಗೂ ವಿಧವೆಯರಿಗೂ ಅಂಗವಿಕಲರಿಗೂ ಕೇಂದ್ರವು ಎರಡು ಕಂತುಗಳಲ್ಲಿ ೧,೦೦೦ ರೂಪಾಯಿ ಕೊಟ್ಟಿತು. ವೃದ್ಧಾಪ್ಯ ಪಿಂಚಣಿಯಲ್ಲಿ ಕೇಂದ್ರದ ಪಾಲು ೮೦ರ ಒಳಗಿನವರಿಗೆ ತಿಂಗಳಿಗೆ ೨೦೦ ರೂಪಾಯಿ, ೮೦ ದಾಟಿದವರಿಗೆ ೫೦೦ ರೂಪಾಯಿ. ರಾಜ್ಯಗಳು ತಮ್ಮ ಪಾಲನ್ನು ಅದಕ್ಕೆ ಸೇರಿಸುತ್ತವೆ. ಮೊತ್ತವು ಸಾಲದೆಂಬುದು ಒಂದು ಮಾತು. ಹಣವು ಬ್ಯಾಂಕಿನ ಖಾತೆಗೆ ಬಂದರೂ, ಬ್ಯಾಂಕಿಗೆ ಹೋಗಲಾರದವರ ಕೈಗೆ ಅದು ತಲಪಿತೇ ಎಂಬುದು ಇನ್ನೊಂದು ಮಾತು. ಮಾಜಿ ಕಾನೂನು ಮಂತ್ರಿಗಳಾದ ಅಶ್ವನಿ ಕುಮಾರರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ೨೦೨೦ರ ಆಗಸ್ಟ್ ೪ರಂದು, ಅರ್ಹರಾದ ವೃದ್ಧರಿಗೆ ಪಿಂಚಣಿಯನ್ನು ಕ್ರಮವಾಗಿ ಕೊಡಬೇಕೆಂದೂ, ಒಂಟಿಯಾಗಿರುವ ವೃದ್ಧರಿಗೆ ಔಷಧಿ ಮೊದಲಾದ ಅಗತ್ಯ ವಸ್ತುಗಳನ್ನು ಒದಗಿಸಬೇಕೆಂದೂ ರಾಜ್ಯಗಳಿಗೆ ಅಪ್ಪಣೆ ಮಾಡಿತು. ಆ ಮಾತನ್ನು ನ್ಯಾಯಾಲಯವು ಹೇಳಬೇಕಾಗಿ ಬಂದುದೇ, ಮತ್ತು ದಿಗ್ಬಂಧನವಾದ ನಾಲ್ಕು ತಿಂಗಳ ಮೇಲೆ ಹೇಳಬೇಕಾಗಿ ಬಂದುದೇ, ನಮ್ಮ ಆಡಳಿತದ ಮೇಲಿನ ಟೀಕೆಯಾಗಿದೆ.

ಬಡದೇಶವಾದುದರಿಂದ ನಮ್ಮಲ್ಲಿ ಹೀಗಾಯಿತೆಂದು ಯಾರೂ ಸಮಾಧಾನ ಪಟ್ಟುಕೊಳ್ಳಬೇಕಾಗಿಲ್ಲ. ಐಶ್ವರ್ಯವಂತ ದೇಶಗಳು ವೃದ್ಧರಿಗಾಗಿ ದೊಡ್ಡ ದೊಡ್ಡ ಶುಶ್ರೂಷಾಲಯಗಳನ್ನು ಕಟ್ಟಿಸಿವೆ. ಅಲ್ಲಿಯೂ ಬಾಗಿಲು ಮುಚ್ಚಿದೊಡನೆ ಅದೇ ಪಾಡಾಯಿತು. ಇಂಗ್ಲೆಂಡಿನಲ್ಲಿ ಅಂಥ ಆಲಯಗಳನ್ನು ತಪಾಸಣೆ ಮಾಡುವ ಆಯೋಗವು ೨೦೨೦ರ ಮಾರ್ಚಿ ೧೬ರಂದು ತನ್ನ ವಾಡಿಕೆಯ ತಪಾಸಣೆಗಳನ್ನು ನಿಲ್ಲಿಸಿತು. ಮರುದಿನವೇ, ಆಸ್ಪತ್ರೆಗಳಲ್ಲಿ ಸಾಧ್ಯವಾದಷ್ಟು ಹಾಸಿಗೆಗಳನ್ನು ತೆರವು ಮಾಡಬೇಕೆಂದು ಅಲ್ಲಿನ ಆರೋಗ್ಯ ಸೇವೆಯು ಆಜ್ಞೆ ಕಳುಹಿಸಿತು. ರೋಗವುಂಟೇ ಇಲ್ಲವೇ ಎಂದು ಪರೀಕ್ಷಿಸದೆಯೇ ವೃದ್ಧರನ್ನು ಶುಶ್ರೂಷಾಲಯಗಳಿಗೆ ಸಾಗಿಸಲಾಯಿತು. ಮೇಲೆ ಲಕ್ಷಣ ಕಾಣಿಸದವರಿಂದಲೂ ರೋಗ ಹರಡಬಹುದೆಂಬ ಅಪಾಯವನ್ನು ಗಣನೆಗೆ ತೆಗೆದುಕೊಳ್ಳದ ಈ ನೀತಿಯು ಕಾಯಿದೆಗೆ ವಿರುದ್ಧವಾದುದೆಂದು ಲಂಡನ್ನಿನ ಉಚ್ಚ ನ್ಯಾಯಾಲಯವು ೨೦೨೨ರ ಏಪ್ರಿಲಿನಲ್ಲಿ ತೀರ್ಮಾನಿಸಿತು. ಹೃದಯ ನಿಂತರೆ ಬದುಕಿಸುವ ಪ್ರಯತ್ನ ಬೇಡವೆಂಬ ಟಿಪ್ಪಣಿಯನ್ನು, ರೋಗಿಯನ್ನಾಗಲಿ ಮನೆಯವರನ್ನಾಗಲಿ ಕೇಳದೆ ಬರೆದಿಟ್ಟ ಪ್ರಸಂಗಗಳೂ ಇದ್ದುವೆಂದು ಆ ತಪಾಸಣಾ ಆಯೋಗವೇ ೨೦೨೧ರ ಮಾರ್ಚಿಯಲ್ಲಿ ವರದಿ ಮಾಡಿತು.

ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಶುಶ್ರೂಷಾಲಯಗಳ ನೌಕರರು ಸಾಲದೆ ಹೋದಾಗ ಸೈನ್ಯವನ್ನು ಕರೆಯಬೇಕಾಯಿತು. ಐದು ಆಲಯಗಳಲ್ಲಿ ಸೈನಿಕರು ಕಂಡುದನ್ನು ಬರೆದ ವರದಿಯು ೨೦೨೦ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಮಲಿನವಾದ ಬಟ್ಟೆಯಲ್ಲಿಯೇ ಬಿದ್ದಿದ್ದ ವೃದ್ಧರು, ಕೂಗಿದರೂ ಬಾರದ ಸೇವಕರು, ಜಿರಳೆಗಳು, ಬಲಾತ್ಕಾರದಿಂದ ಬಾಯಿಗೆ ತುರುಕಿದ ಅನ್ನ, ಇವು ಅದರಲ್ಲಿ ದಾಖಲಾದುವು. ಸ್ಪೇನಿನಲ್ಲಿಯೂ ರೋಗನಿವಾರಣೆಯ ಕೆಲಸಕ್ಕೆ ಹೋದ ಸೈನಿಕರು ಕೆಲವು ಆಲಯಗಳಲ್ಲಿ ದಿಕ್ಕಿಲ್ಲದೆ ಬಿಟ್ಟ ವೃದ್ಧರನ್ನೂ, ಹಾಸಿಗೆಯಲ್ಲಿಯೇ ಸತ್ತಿದ್ದವರನ್ನೂ ಕಂಡರೆಂದು ಆ ದೇಶದ ರಕ್ಷಣಾ ಮಂತ್ರಿಗಳೇ ಹೇಳಿದರು. ಈ ಎರಡು ಕಡೆಗಳಲ್ಲಿಯೂ ಸತ್ಯವನ್ನು ಹೊರಗೆ ತಂದವರು ಹೊರಗಿನಿಂದ ಒಳಗೆ ಹೋದವರು. ಕಟ್ಟಡವಿದ್ದರೂ ಕಾನೂನಿದ್ದರೂ ಹೊರಗಿನ ಕಣ್ಣು ಒಳಗೆ ಹೋಗದಿದ್ದರೆ ರಕ್ಷಣೆಯಿಲ್ಲವೆಂಬ ಪಾಠವನ್ನು ಆ ದೇಶಗಳು ಬಹಳ ದುಬಾರಿಯಾಗಿ ಕಲಿತವು.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಹೊರಗಿನವರನ್ನು ಒಳಗೆ ಬಿಟ್ಟರೆ ಅವರೊಡನೆ ರೋಗವೂ ಒಳಗೆ ಬಾರದೇ ಎಂಬುದು ಮೊದಲನೆಯದು. ಇದು ತಳ್ಳಿಹಾಕುವಂಥ ಮಾತಲ್ಲ. ಆದರೆ ಎಲ್ಲರನ್ನೂ ಬಿಡುವುದಕ್ಕೂ ಯಾರನ್ನೂ ಬಿಡದಿರುವುದಕ್ಕೂ ನಡುವೆ ದಾರಿಯಿದೆ. ಒಬ್ಬೊಬ್ಬ ನಿವಾಸಿಗೆ ಒಬ್ಬ ಗೊತ್ತಾದ ಬಂಧುವನ್ನು, ಪರೀಕ್ಷೆ ಮಾಡಿಸಿ, ಮುಖಗವಸು ತೊಡಿಸಿ ಒಳಗೆ ಬಿಡುವ ಕ್ರಮವನ್ನು ಇಂಗ್ಲೆಂಡು ೨೦೨೧ರ ಮಾರ್ಚಿಯಲ್ಲಿ ತಂದಿತು. ಒಂದು ವರ್ಷ ತಡವಾಗಿ ಮಾಡಿದುದನ್ನು ಮೊದಲ ತಿಂಗಳಲ್ಲಿಯೇ ಮಾಡಿದ್ದರೆ ಎಷ್ಟೋ ಕಷ್ಟ ತಪ್ಪುತ್ತಿತ್ತು. ವೈದ್ಯನು ರೋಗಿಯ ಬಳಿಗೆ ಹೋಗುವಂತೆ ತಪಾಸಣಾಧಿಕಾರಿಯೂ ರಕ್ಷಣೆಯ ಉಡುಪಿನಲ್ಲಿ ಹೋಗಬಹುದು.

ಎರಡನೆಯ ಆಕ್ಷೇಪಣೆಯು ಹೆಚ್ಚು ಸೂಕ್ಷ್ಮವಾದುದು. ತಂದೆತಾಯಿಗಳನ್ನು ದೇವರೆಂದು ತಿಳಿಯುವ ನಾಡಿನಲ್ಲಿ ಮನೆಯ ಒಳಗಿನ ಮಾತಿಗೆ ಸರಕಾರವು ತಲೆ ಹಾಕುವುದು ಸರಿಯೇ ಎಂದು ಕೇಳುವವರುಂಟು. ಅಸಂಖ್ಯ ಮನೆಗಳಲ್ಲಿ ಮಕ್ಕಳೂ ಸೊಸೆಯರೂ ತಮ್ಮ ಊಟವನ್ನು ಕಡಿಮೆ ಮಾಡಿಕೊಂಡು ಹಿರಿಯರನ್ನು ಸಾಕಿದರೆಂಬುದನ್ನು ನಾವು ಗೌರವದಿಂದ ನೆನೆಯುತ್ತೇವೆ. ಆದರೆ ನಮ್ಮ ದೇಶದಲ್ಲಿಯೇ ೨೦೧೭-೧೮ರಲ್ಲಿ ನಡೆದು ೨೦೨೧ರ ಜನವರಿಯಲ್ಲಿ ಪ್ರಕಟವಾದ ವೃದ್ಧರ ದೊಡ್ಡ ಸಮೀಕ್ಷೆಯಲ್ಲಿ, ಹಿರಿಯರ ಪೈಕಿ ನೂರಕ್ಕೆ ಸುಮಾರು ೫ ಮಂದಿ ಹಿಂದಿನ ಒಂದು ವರ್ಷದಲ್ಲಿ ತಮಗೆ ದುರ್ವರ್ತನೆಯಾಯಿತೆಂದು ಬಾಯಿಬಿಟ್ಟು ಹೇಳಿದ್ದಾರೆ. ಮಗನ ಮಾನ ಹೋದೀತೆಂದು ನುಂಗಿಕೊಂಡವರು ಈ ಲೆಕ್ಕದಲ್ಲಿ ಬಂದಿಲ್ಲ. ಇದು ಪಿಡುಗಿಗೆ ಮೊದಲಿನ ಸಂಗತಿ. ಮಗನ ಸಂಬಳ ನಿಂತು, ಮಕ್ಕಳ ಶಾಲೆ ಮುಚ್ಚಿ, ಎರಡು ಕೋಣೆಗಳಲ್ಲಿ ಆರು ಜನ ಹಗಲೂ ರಾತ್ರಿಯೂ ಕೂಡಿ ಬಾಳಬೇಕಾದಾಗ ತಾಳ್ಮೆಯು ತಪ್ಪುವುದು ದುಷ್ಟರಲ್ಲಿ ಮಾತ್ರವೇ ಅಲ್ಲ. ಹಾಸಿಗೆ ಹಿಡಿದವರ ಸೇವೆಯ ಭಾರವು ಬಹುಮಟ್ಟಿಗೆ ಮನೆಯ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಅವಳಿಗೆ ವಾರಕ್ಕೆರಡು ದಿನ ಕೈಜೋಡಿಸುವವರು ಬಂದರೆ ಎಷ್ಟೋ ಉಪೇಕ್ಷೆಗಳು ಹುಟ್ಟುವುದೇ ಇಲ್ಲ. ಬಾಗಿಲು ತಟ್ಟುವವನು ಮೊದಲು ಸಹಾಯಕನಾಗಿ ಬರಲಿ. ಅಗತ್ಯಬಿದ್ದಲ್ಲಿ ಮಾತ್ರ ಅಧಿಕಾರಿಯಾಗಲಿ.

ಮನೆಬಾಗಿಲಿಗೆ ಹೋಗುವುದು ಸರಕಾರಕ್ಕೆ ಅಸಾಧ್ಯವೆಂಬ ಮಾತನ್ನಂತೂ ನಾವು ಒಪ್ಪಲಾರೆವು. ೬೦ ದಾಟಿದವರಿಗೆ ಲಸಿಕೆಯು ೨೦೨೧ರ ಮಾರ್ಚಿ ೧ರಿಂದ ದೊರೆಯಿತು. ಆದರೆ ಕೇಂದ್ರಕ್ಕೆ ನಡೆದು ಹೋಗಲಾರದವರಿಗೆ ಮನೆಯಲ್ಲಿಯೇ ಲಸಿಕೆ ಹಾಕಬಹುದೆಂದು ಕೇಂದ್ರ ಸರಕಾರವು ಹೇಳಿದುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಎರಡನೆಯ ಅಲೆಯು ಬಂದು ಹೋಗಿತ್ತು. ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ೨೦೨೩ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ, ೮೦ ದಾಟಿದವರ ಮತ್ತು ಅಂಗವಿಕಲರ ಮನೆಗಳಿಗೆ ಚುನಾವಣಾ ಸಿಬ್ಬಂದಿಯು ಪೆಟ್ಟಿಗೆ ಹೊತ್ತು ಹೋಗಿ ಅವರ ಮತವನ್ನು ಪಡೆದುಬಂದಿತು. ಇಂಥ ಮನೆಯಲ್ಲಿ ಇಂಥವರಿದ್ದಾರೆ, ಅವರು ಹೊರಗೆ ಬರಲಾರರು ಎಂಬ ಪಟ್ಟಿಯನ್ನು ಸರಕಾರವು ಮಾಡಬಲ್ಲದು, ಅವರ ಹಾಸಿಗೆಯ ಬಳಿಗೆ ಹೋಗಬಲ್ಲದು ಎಂದು ಅಂದು ಸಿದ್ಧವಾಯಿತು. ಮತಕ್ಕಾಗಿ ಹೋಗಬಲ್ಲ ಪ್ರಜಾಪ್ರಭುತ್ವವು, ಉಂಡಿರಾ ಎಂದು ಕೇಳುವುದಕ್ಕೂ ಹೋಗಬಲ್ಲದು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಮುಂದೆ ಯಾವ ಪಿಡುಗಿನಲ್ಲಿಯೇ ಆಗಲಿ, ಜನರ ಓಡಾಟವನ್ನು ತಡೆಯುವ ಆಜ್ಞೆಯಲ್ಲಿಯೇ ಆರೈಕೆಗಾರರಿಗೆ ವಿನಾಯಿತಿ ಇರತಕ್ಕದ್ದೆಂದು ಕಾಯಿದೆಯು ವಿಧಿಸಬೇಕು. ಅಂಥ ವಿನಾಯಿತಿಯಿಲ್ಲದ ಆಜ್ಞೆಯು ಅಪೂರ್ಣವೆಂದು ಎಣಿಸಲ್ಪಡಬೇಕು. ವಿಪತ್ತು ನಿರ್ವಹಣಾ ಕಾಯಿದೆಯ ೧೨ನೆಯ ಕಲಮಿನಲ್ಲಿ ವೃದ್ಧರ ಮತ್ತು ಅಂಗವಿಕಲರ ಹೆಸರುಗಳನ್ನು ಸೇರಿಸುವುದಕ್ಕೆ ಖರ್ಚು ಏನೂ ಇಲ್ಲ.

ಎರಡನೆಯದಾಗಿ, ಪಟ್ಟಿಯು ಮೊದಲೇ ಸಿದ್ಧವಾಗಿರಬೇಕು. ೨೦೦೭ರ ಕಾಯಿದೆಯ ಕೆಳಗೆ ಕೇಂದ್ರವು ರಾಜ್ಯಗಳಿಗೆ ಕೊಟ್ಟ ಮಾದರಿ ನಿಯಮಗಳಲ್ಲಿ, ಪ್ರತಿಯೊಂದು ಪೋಲೀಸು ಠಾಣೆಯೂ ತನ್ನ ಸರಹದ್ದಿನ ಹಿರಿಯರ, ಅದರಲ್ಲಿಯೂ ಒಂಟಿಯಾಗಿರುವವರ ಪಟ್ಟಿಯನ್ನು ಇಟ್ಟುಕೊಂಡು, ತಿಂಗಳಿಗೊಮ್ಮೆಯಾದರೂ ಅವರನ್ನು ಕಂಡು ಬರಬೇಕೆಂದಿದೆ. ನಮ್ಮ ಊರಿನ ಠಾಣೆಯಲ್ಲಿ ಆ ಪಟ್ಟಿಯಿದೆಯೇ ಎಂದು ನಗರವಾಸಿಗಳಾದ ವಾಚಕರು ಹೋಗಿ ಕೇಳಬಹುದು, ಕೇಳಬೇಕು. ಆಶಾ ಕಾರ್ಯಕರ್ತೆ, ಅಂಚೆಯವನು, ನ್ಯಾಯಬೆಲೆ ಅಂಗಡಿಯವನು ಇವರು ಆ ಪಟ್ಟಿಯನ್ನು ತಿದ್ದಲು ನೆರವಾಗಬಲ್ಲರು. ಮರೆವಿನ ರೋಗದವರೂ ಬುದ್ಧಿಮಾಂದ್ಯವುಳ್ಳ ವಯಸ್ಕರೂ ಅದರಲ್ಲಿ ಸೇರಬೇಕು.

ಮೂರನೆಯದಾಗಿ, ನ್ಯಾಯಮಂಡಳಿಯು ಮುಚ್ಚಬಾರದು. ಉಪವಿಭಾಗಾಧಿಕಾರಿಯು ಪಿಡುಗಿನ ಕೆಲಸದಲ್ಲಿ ತೊಡಗಿದಾಗ ಆ ಪೀಠದಲ್ಲಿ ಕುಳಿತುಕೊಳ್ಳುವ ಬದಲಿ ಅಧಿಕಾರಿ ಯಾರೆಂಬುದು ಇಂದೇ ಗೊತ್ತಾಗಿರಲಿ. ಅರ್ಜಿಯನ್ನು ದೂರವಾಣಿಯ ಮೇಲೂ ಸ್ವೀಕರಿಸಲಿ. ಬೆಂಗಳೂರಿನಲ್ಲಿ ನಗರ ಪೋಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರೂ ಕೂಡಿ ೨೦೦೨ರಲ್ಲಿಯೇ ೧೦೯೦ ಎಂಬ ಹಿರಿಯರ ಸಹಾಯವಾಣಿಯನ್ನು ಆರಂಭಿಸಿದರು. ಇಡೀ ದೇಶಕ್ಕೆ ೧೪೫೬೭ ಎಂಬ ಸಹಾಯವಾಣಿಯು ಬಂದುದು ೨೦೨೧ರಲ್ಲಿ. ಆದರೆ ದೂರವಾಣಿಯು ಮಗನ ಕೈಯಲ್ಲಿಯೇ ಇದ್ದರೆ ಮುದುಕನು ಕರೆ ಮಾಡುವುದೆಲ್ಲಿ? ಆದುದರಿಂದ ನೆರೆಯವರು ಕೊಡುವ ಸುಳಿವನ್ನೂ ಅರ್ಜಿಯೆಂದೇ ಎಣಿಸಿ, ತಾನಾಗಿಯೇ ವಿಚಾರಿಸುವ ತನ್ನ ಅಧಿಕಾರವನ್ನು ಮಂಡಳಿಯು ಬಳಸಬೇಕು.

ನಾಲ್ಕನೆಯದಾಗಿ, ವೃದ್ಧಾಶ್ರಮಗಳ ಮತ್ತು ಮನೋರೋಗಿಗಳ ಆಲಯಗಳ ತಪಾಸಣೆಯು ಪಿಡುಗಿನ ಕಾಲದಲ್ಲಿ ನಿಲ್ಲುವ ಬದಲು ಹೆಚ್ಚಾಗಬೇಕು. ೨೦೦೭ರ ಕಾಯಿದೆಯು ಜಿಲ್ಲೆಗೆ ಒಂದಾದರೂ, ೧೫೦ ಜನರಿಗೆ ಸಾಲುವ, ವೃದ್ಧಾಶ್ರಮವನ್ನು ಸರಕಾರವು ಸ್ಥಾಪಿಸಬಹುದು ಎನ್ನುತ್ತದೆ. ಆ 'ಬಹುದು' ಎಂಬುದು 'ಬೇಕು' ಎಂದಾಗಬೇಕು.

ಐದನೆಯದಾಗಿ, ಶಿಕ್ಷೆಯಲ್ಲಿನ ವಿಷಮತೆಯು ಹೋಗಬೇಕು. ತನ್ನ ವಶದಲ್ಲಿರುವ ಅಂಗವಿಕಲರಿಗೆ 'ತಿಳಿದೂ ಅನ್ನನೀರು ಕೊಡದವನಿಗೆ' ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯು ೬ ತಿಂಗಳಿಂದ ೫ ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. ಹಿರಿಯರನ್ನು ದಿಕ್ಕಿಲ್ಲದೆ ಬಿಟ್ಟುಹೋದವನಿಗೆ ೨೦೦೭ರ ಕಾಯಿದೆಯು ವಿಧಿಸುವುದು ಹೆಚ್ಚೆಂದರೆ ೩ ತಿಂಗಳ ಸೆರೆವಾಸ, ಇಲ್ಲವೇ ೫,೦೦೦ ರೂಪಾಯಿ ದಂಡ, ಇಲ್ಲವೇ ಎರಡೂ. ಇದನ್ನು ಹೆಚ್ಚಿಸಿ, ಜೀವನಾಂಶದ ೧೦,೦೦೦ ರೂಪಾಯಿಗಳ ಮಿತಿಯನ್ನೂ ತೆಗೆಯುವ ಮಸೂದೆಯೊಂದು ೨೦೧೯ರ ಡಿಸೆಂಬರಿನಲ್ಲಿ ಲೋಕಸಭೆಯ ಮುಂದೆ ಬಂದಿತ್ತು. ಪಿಡುಗಿನ ಕಾಲವೆಲ್ಲ ಅದು ಅಲ್ಲಿಯೇ ಉಳಿದು, ೨೦೨೪ರಲ್ಲಿ ಆ ಲೋಕಸಭೆಯ ವಿಸರ್ಜನೆಯೊಡನೆ ಬಿದ್ದುಹೋಯಿತು. ನಮ್ಮ ರಾಜ್ಯದಿಂದ ಲೋಕಸಭೆಗೆ ಹೋಗಿರುವ ೨೮ ಮಂದಿ ಪ್ರತಿನಿಧಿಗಳು ಅದನ್ನು ಮತ್ತೆ ಎತ್ತಬೇಕೆಂದು ನಾವು ಕೇಳುತ್ತೇವೆ.

ಇವುಗಳಲ್ಲಿ ಒಂದಾದರೂ ಅಪೂರ್ವವಾದುದಲ್ಲ. ದೊಡ್ಡ ಬೊಕ್ಕಸವನ್ನು ಬೇಡುವುದೂ ಅಲ್ಲ. ಆದರೆ ಪಿಡುಗು ಬಂದ ಮೇಲೆ ಇವುಗಳನ್ನು ಮಾಡುವುದಕ್ಕೆ ಬಿಡುವಿರುವುದಿಲ್ಲವೆಂಬುದನ್ನು ೨೦೨೦ನೆಯ ಇಸವಿಯು ತೋರಿಸಿಕೊಟ್ಟಿದೆ. ಈ ಸಾಲುಗಳನ್ನು ಓದುವ ಅಧಿಕಾರಿಗಳಲ್ಲಿ ಕೆಲವರು ಮುಂದಿನ ಪಿಡುಗಿನ ಆಜ್ಞಾಪತ್ರದ ಕರಡನ್ನು ಬರೆಯಬೇಕಾದವರು. ನಗರವಾಸಿಗಳಲ್ಲಿ ಅನೇಕರು ಅಷ್ಟು ಹೊತ್ತಿಗೆ ತಾವೇ ವೃದ್ಧರಾಗಿ ಒಳಗಿನ ಕೋಣೆಯಲ್ಲಿ ಇರುವವರು. ಯಾರು ಯಾರ ಬಾಗಿಲನ್ನು ತಟ್ಟಬೇಕೆಂಬುದನ್ನು ಹೊರಗಿರುವಾಗಲೇ ಗೊತ್ತುಮಾಡುವುದು ಇಬ್ಬರಿಗೂ ಶ್ರೇಯಸ್ಕರ.